ನಿನ್ನೆಗೆ ಹೋಗುವ ಬಸ್ಸು

ವ್ಯಾಕರಣದಲ್ಲಿ ಭೂತಕಾಲಕ್ಕೆ ಹೋಗಿಬರುವುದು ಬಹಳ ಸುಲಭ. ‘ಮಾಡುತ್ತೇನೆ’ ಎಂಬಲ್ಲಿ ನಡುವಿನ ‘ಉತ್ತ’ವನ್ನು ಕಿತ್ತು ‘ದ’ಕಾರವನ್ನು ಇಟ್ಟರೆ ‘ಮಾಡಿದೆನು’ ಆಯಿತು, ಪ್ರಯಾಣ ಮುಗಿಯಿತು. ಟಿಕೆಟ್ಟಿಲ್ಲ, ಕಂಡಕ್ಟರನ ಹಂಗಿಲ್ಲ. ವಿದ್ಯಾರ್ಥಿಗಳನ್ನು ಈ ದಾರಿಯಲ್ಲಿ ಕರೆದುಕೊಂಡು ಹೋಗಿ ಗಂಟೆ ಬಾರಿಸುವುದರೊಳಗೆ ವರ್ತಮಾನಕ್ಕೆ ಮರಳಿಸುವುದು ನನ್ನ ಉದ್ಯೋಗ. ನಮ್ಮ ತುಳುನಾಡಿನಲ್ಲಂತೂ ‘ಭೂತ’ ಎಂಬ ಮಾತಿಗೆ ಇನ್ನೊಂದು ಅರ್ಥವೂ ಇದೆ. ಕಳೆದುಹೋದ ಕಾಲವೂ ಭೂತ, ನೇಮದ ರಾತ್ರಿ ದೀವಟಿಗೆಯ ಬೆಳಕಿನಲ್ಲಿ ಎದುರು ನಿಂತು ನುಡಿಕೊಡುವ ದೈವವೂ ಭೂತ. ಆದುದರಿಂದ ಭೂತವೆಂದರೆ ಮುಗಿದುಹೋದದ್ದು ಎಂದು ಇಲ್ಲಿಯವರಿಗೆ ನಂಬಿಸುವುದು ಸ್ವಲ್ಪ ಕಷ್ಟ.

ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ಹೆದ್ದಾರಿಯಲ್ಲಿ ಪುಂಜಾಲಕಟ್ಟೆ ಸಿಗುತ್ತದೆ. ಧರ್ಮಸ್ಥಳಕ್ಕೆ ಹೋಗುವವರೂ ಚಾರ್ಮಾಡಿ ಘಾಟಿ ಹತ್ತುವವರೂ ಅದನ್ನು ಕಿಟಕಿಯಿಂದಲೇ ನೋಡಿ ಮುಂದೆ ಸಾಗುತ್ತಾರೆ. ಊರಿನ ಹೆಸರಿನಲ್ಲಿಯೇ ಕಟ್ಟೆಯಿರುವುದರಿಂದ ಇಲ್ಲಿ ಕುಳಿತು ಹರಟುವುದು ಯಾರಿಗೂ ಅಗೌರವವಲ್ಲ. ಬಸ್ಸು ಹತ್ತು ನಿಮಿಷ ತಡವಾದರೆ ಅಡಿಕೆಯ ಧಾರಣೆ, ಇಪ್ಪತ್ತು ನಿಮಿಷವಾದರೆ ರಾಜಕೀಯ, ಅರ್ಧ ಗಂಟೆ ದಾಟಿದರೆ ಬ್ರಹ್ಮಾಂಡ. ಅಂಥದೊಂದು ಬ್ರಹ್ಮಾಂಡದ ವೇಳೆಯಲ್ಲಿ ಪರಿಚಯದ ಹಿರಿಯರೊಬ್ಬರು ನನ್ನನ್ನು ಕೇಳಿದರು: “ಮಾಷ್ಟ್ರೇ, ಕಳೆದುಹೋದ ಕಾಲಕ್ಕೆ ಹಿಂದೆ ಹೋಗಲಿಕ್ಕೆ ಆಗುತ್ತದೆ ಅಂತ ಮೊಮ್ಮಗ ಹೇಳುತ್ತಾನೆ. ಫೋನಿನಲ್ಲಿ ಬಂದಿದೆಯಂತೆ. ಆಗುವ ಕೆಲಸವಾ ಅದು?”

“ನಿಮಗೆ ಯಾವ ಕಾಲಕ್ಕೆ ಹೋಗಬೇಕಾಗಿದೆ?” ಎಂದೆ, ನಗುತ್ತ.

ಅವರು ನಗಲಿಲ್ಲ. “ದೂರ ಏನಿಲ್ಲ. ಹದಿನೆಂಟು ವರ್ಷ. ಒಂದು ಬೆಳಿಗ್ಗೆ ಸಾಕು” ಎಂದರು. ಆ ವರ್ಷ ಅವರಿಗೂ ಅವರ ತಮ್ಮನಿಗೂ ಆಸ್ತಿ ಪಾಲಾಗಿತ್ತು. ನಡುವೆ ಬೇಲಿ ಬಿತ್ತು. ಬೇಲಿಯ ತಡಮೆಗೆ ಇವರು ಮುಳ್ಳು ಹಾಕಿಸಿದರು. ತಮ್ಮ ಬಂದು ಕೇಳಿದಾಗ ಬೇಲಿಯ ಈಚೆಯಿಂದ ಒಂದು ಮಾತು ಆಡಿದರು. ಅದೇನೆಂದು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ತಮ್ಮ ಆಮೇಲೆ ಇವರ ಅಂಗಳಕ್ಕೆ ಬರಲಿಲ್ಲ. ಈಗ ಬರುವಂತೆಯೂ ಇಲ್ಲ. ಅವನು ತೀರಿಕೊಂಡು ವರ್ಷಗಳಾದುವು.

ಕನ್ನಡದ ಮೇಷ್ಟ್ರು ಉತ್ತರಿಸಬೇಕಾದ ಪ್ರಶ್ನೆ ಇದಲ್ಲ. ಆದರೆ ಇಂಥ ಪ್ರಶ್ನೆಯನ್ನು ತಮಾಷೆಯಲ್ಲಿ ತೇಲಿಸಿಬಿಡುವುದೂ ಸಲ್ಲದು. ಪುಸ್ತಕಗಳನ್ನು ಓದಿ, ಭೌತವಿಜ್ಞಾನದ ಮಿತ್ರರನ್ನು ಪೀಡಿಸಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲನೆಯದಾಗಿ, ಕಾಲದಲ್ಲಿ ಮುಂದಕ್ಕೆ ಹಾರುವುದು ಸಾಧ್ಯ. ನಮ್ಮ ಪುರಾಣಿಕರು ಇದನ್ನು ಬಹಳ ಹಿಂದೆಯೇ ಕಲ್ಪಿಸಿಕೊಂಡಿದ್ದರು. ಕುಶಸ್ಥಲಿಯ ಅರಸು ರೈವತ ಕಕುದ್ಮಿ ಮಗಳು ರೇವತಿಗೆ ವರನನ್ನು ಕೇಳಲು ಸತ್ಯಲೋಕಕ್ಕೆ ಹೋದ. ಅಲ್ಲಿ ಗಂಧರ್ವರ ಗಾಯನ ನಡೆಯುತ್ತಿತ್ತು, ಮುಗಿಯಲೆಂದು ಕಾದ. ಅಷ್ಟರಲ್ಲಿ ಭೂಮಿಯಲ್ಲಿ ಇಪ್ಪತ್ತೇಳು ಚತುರ್ಯುಗಗಳು ಕಳೆದಿದ್ದುವು. ಮನಸ್ಸಿನಲ್ಲಿದ್ದ ವರರ ಮರಿಮಕ್ಕಳ ಹೆಸರೂ ಉಳಿದಿರಲಿಲ್ಲ. ಕೊನೆಗೆ ರೇವತಿ ಬಲರಾಮನ ಕೈಹಿಡಿದಳು. ಹಳೆಯ ಯುಗದ ಕನ್ಯೆ ತೀರ ಎತ್ತರವಾಗಿದ್ದಳೆಂದು ಅವನು ನೇಗಿಲ ತುದಿಯಿಂದ ಅವಳನ್ನು ಕುಗ್ಗಿಸಿಕೊಂಡನಂತೆ.

ಇದೇ ಕಥೆ, ಬಹಳ ಸಣ್ಣ ಪ್ರಮಾಣದಲ್ಲಿ, 1971ರ ಅಕ್ಟೋಬರಿನಲ್ಲಿ ನಿಜವಾಗಿ ನಡೆಯಿತು. ಹಾಫೆಲೆ ಮತ್ತು ಕೀಟಿಂಗ್ ಎಂಬಿಬ್ಬರು ಪರಮಾಣು ಗಡಿಯಾರಗಳನ್ನು ಸಾಮಾನ್ಯ ಪ್ರಯಾಣಿಕ ವಿಮಾನಗಳಲ್ಲಿಟ್ಟು ಭೂಮಿಯನ್ನು ಸುತ್ತಿಸಿದರು. ಪೂರ್ವಕ್ಕೆ ಹೋಗಿಬಂದ ಗಡಿಯಾರಗಳು ನೆಲದ ಗಡಿಯಾರಕ್ಕಿಂತ ಸುಮಾರು 59 ನ್ಯಾನೋ ಸೆಕೆಂಡು ಕಡಿಮೆ ತೋರಿಸಿದುವು. ಒಂದು ನ್ಯಾನೋ ಸೆಕೆಂಡೆಂದರೆ ಸೆಕೆಂಡಿನ ನೂರು ಕೋಟಿಯ ಒಂದು ಪಾಲು. ಅಂದರೆ ಆ ಗಡಿಯಾರಗಳು ಅಷ್ಟು ಕಡಿಮೆ ಮುಪ್ಪಾಗಿ ನಮ್ಮ ‘ಇಂದಿ’ಗೆ ಬಂದು ಸೇರಿದುವು. ವೇಗವೂ ಗುರುತ್ವವೂ ಕಾಲದ ನಡಿಗೆಯನ್ನು ಬದಲಿಸುತ್ತವೆಂದು ಐನ್‌ಸ್ಟೈನ್ 1905ರಲ್ಲಿಯೂ 1915ರಲ್ಲಿಯೂ ಹೇಳಿದ್ದು ಹೀಗೆ ಗಡಿಯಾರದಲ್ಲಿಯೇ ಕಂಡಿತು. ವೇಗ ಹೆಚ್ಚಾದಷ್ಟೂ ಈ ಅಂತರ ಹೆಚ್ಚುತ್ತದೆ. ಬೆಳಕಿನ ವೇಗದ ಹತ್ತಿರಕ್ಕೆ ಹೋಗಬಲ್ಲ ರಥವೊಂದು ಸಿಕ್ಕರೆ ರೈವತನ ಗತಿ ಯಾರಿಗಾದರೂ ಬಂದೀತು.

ಆದರೆ ರೈವತ ಹಿಂದಿರುಗಿ ತನ್ನ ಕಾಲಕ್ಕೆ ಹೋಗಲಿಲ್ಲ. ಬ್ರಹ್ಮನೂ ಅವನನ್ನು ಅಲ್ಲಿಗೆ ಕಳುಹಿಸುವೆನೆನ್ನಲಿಲ್ಲ. ಎಷ್ಟೋ ಅಸಾಧ್ಯಗಳನ್ನು ಸಾಧಿಸಿದ ನಮ್ಮ ಪುರಾಣಗಳು ಈ ಒಂದು ವಿಷಯದಲ್ಲಿ ಬಿಗಿಯಾಗಿವೆ. ಸಾವಿತ್ರಿ ಯಮನನ್ನು ಒಪ್ಪಿಸಿ ಗಂಡನನ್ನು ಮರಳಿ ತಂದಳು. ನಿನ್ನೆಯನ್ನು ಮರಳಿ ತರಲಿಲ್ಲ.

ವಿಜ್ಞಾನ ಈ ಬಾಗಿಲಿಗೆ ಪೂರ್ತಿ ಬೀಗ ಹಾಕಿಲ್ಲವೆಂಬುದು ನಿಜ. 1949ರಲ್ಲಿ ಐನ್‌ಸ್ಟೈನರ ಗೆಳೆಯ ಕುರ್ಟ್ ಗ್ಯೋಡೆಲ್ ಅವರದೇ ಸಮೀಕರಣಗಳಿಂದ ಒಂದು ವಿಚಿತ್ರ ವಿಶ್ವವನ್ನು ಬಿಡಿಸಿ ತೋರಿಸಿದರು. ಇಡೀ ವಿಶ್ವವೇ ತಿರುಗುತ್ತಿದ್ದರೆ ಅದರಲ್ಲಿ ಮುಂದೆ ಮುಂದೆ ಹೋಗುತ್ತಲೇ ಹೊರಟ ಗಳಿಗೆಗೆ ಬಂದು ಸೇರುವ ದಾರಿಗಳಿರುತ್ತವೆ. ಲೆಕ್ಕ ಸರಿಯಾಗಿತ್ತು, ಆದರೆ ನಮ್ಮ ವಿಶ್ವ ಹಾಗೆ ತಿರುಗುತ್ತಿರುವ ಯಾವ ಕುರುಹೂ ಇಲ್ಲ. 1988ರಲ್ಲಿ ಕಿಪ್ ಥಾರ್ನ್ ಮತ್ತು ಸಂಗಡಿಗರು ಆಕಾಶದಲ್ಲಿ ಹುಳು ಕೊರೆದಂಥ ಸುರಂಗವೊಂದಿದ್ದರೆ ಅದನ್ನು ಕಾಲಯಂತ್ರ ಮಾಡಬಹುದೆಂದು ತೋರಿಸಿದರು. ಆ ಸುರಂಗ ಕುಸಿಯದಂತೆ ಹಿಡಿದಿಡಲು ಸೊನ್ನೆಗಿಂತ ಕಡಿಮೆಯ, ಅಂದರೆ ಋಣ, ಶಕ್ತಿ ಬೇಕು. ನಮ್ಮ ಕಡೆ ಋಣಕ್ಕೇನೂ ಬರವಿಲ್ಲ. ಆದರೆ ಆ ಜಾತಿಯ ಋಣ ಯಾವ ಬ್ಯಾಂಕಿನಲ್ಲಿಯೂ ಸಿಕ್ಕುವುದಿಲ್ಲ. ಭೂತಕಾಲವನ್ನು ಪ್ರಕೃತಿಯೇ ಕಾಯುತ್ತಿರಬೇಕೆಂದು 1992ರಲ್ಲಿ ಊಹೆ ಮುಂದಿಟ್ಟ ಸ್ಟೀಫನ್ ಹಾಕಿಂಗ್ 2009ರ ಜೂನ್ 28ರಂದು ಭವಿಷ್ಯದ ಕಾಲಯಾತ್ರಿಕರಿಗಾಗಿ ಒಂದು ಔತಣವಿಟ್ಟು, ಆಮಂತ್ರಣವನ್ನು ಔತಣ ಮುಗಿದ ಮೇಲೆ ಪ್ರಕಟಿಸಿದರು. ಯಾರೂ ಬರಲಿಲ್ಲ.

ರಷ್ಯದ ಇಗೋರ್ ನೊವಿಕೋವ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹಿಂದಕ್ಕೆ ಹೋಗುವ ದಾರಿಯಿದ್ದರೂ ಅಲ್ಲಿ ನಡೆದದ್ದಕ್ಕೆ ವಿರುದ್ಧವಾಗಿ ಏನನ್ನೂ ನಡೆಸಲಾಗದು ಎಂಬುದು ಅವರ ತತ್ತ್ವ. ಹೋದವನು ಆಗಲೇ ಆಗಿದ್ದ ಕಥೆಯಲ್ಲಿ ಒಬ್ಬ ಪಾತ್ರಧಾರಿ ಮಾತ್ರ. ಒಟ್ಟಿನಲ್ಲಿ ಅಸಾಧ್ಯವೆಂದು ರುಜುವಾತಾಗಿಲ್ಲ. ಸಾಧ್ಯವೆಂಬುದಕ್ಕೆ ಎಳೆಯಷ್ಟು ಸಾಕ್ಷಿಯೂ ಇಲ್ಲ.

ಹಿಂದಕ್ಕೆ ಹೋಗಬೇಕೆಂಬ ನಮ್ಮ ಹಂಬಲದಲ್ಲಿ ಎರಡು ಆಸೆಗಳು ಸೇರಿಕೊಂಡಿವೆ ಎಂದು ನನಗೆ ತೋರುತ್ತದೆ. ಒಂದು, ನೋಡುವ ಆಸೆ. ಇನ್ನೊಂದು, ತಿದ್ದುವ ಆಸೆ. ಇವನ್ನು ಬೇರೆ ಬೇರೆ ಮಾಡಿಕೊಂಡರೆ ಕಸಿವಿಸಿ ಅರ್ಧ ಕಡಿಮೆಯಾಗುತ್ತದೆ.

ನೋಡುವ ಆಸೆಯನ್ನು ಪ್ರಕೃತಿ ಕೇಳದೆಯೇ ನಡೆಸಿಕೊಟ್ಟಿದೆ. ಮಳೆಗಾಲ ಕಳೆದು ಆಕಾಶ ತಿಳಿಯಾದಾಗ ಪುಂಜಾಲಕಟ್ಟೆಯಲ್ಲಿ ಉತ್ತರಕ್ಕೆ ಮುಖ ಮಾಡಿ ನಿಂತರೆ, ದಿಗಂತದಿಂದ ಸುಮಾರು 13 ಡಿಗ್ರಿ ಮೇಲೆ ಧ್ರುವನಕ್ಷತ್ರವಿದೆ. ಗುಡ್ಡ ಅಡ್ಡವಾಗದಿದ್ದರೆ ಕಾಣುತ್ತದೆ. ಅದರ ಬೆಳಕು ನಮ್ಮನ್ನು ತಲುಪಲು ನಾನೂರು ವರ್ಷಗಳಿಗೂ ಮೇಲೆ ಹಿಡಿಯುತ್ತದೆ. ಸಮೀಪದ ವೇಣೂರಿನಲ್ಲಿ ತಿಮ್ಮಣ್ಣ ಅಜಿಲ ಗೊಮ್ಮಟನನ್ನು ನಿಲ್ಲಿಸಿದ್ದು 1604ರಲ್ಲಿ. ಈ ರಾತ್ರಿ ನಮ್ಮ ಕಣ್ಣಿಗೆ ಬೀಳುವ ಕಿರಣ ಹೊರಟದ್ದು ಹೆಚ್ಚುಕಡಿಮೆ ಆ ಕಾಲದಲ್ಲಿ. ನಾವು ಅಲ್ಲಿಗೆ ಹೋಗಬೇಕಾಗಿಲ್ಲ, ಅದೇ ಇಲ್ಲಿಗೆ ಬರುತ್ತಿದೆ.

ಇದರಲ್ಲಿ ಕನ್ನಡದ ಮನೆಯೊಂದರ ಪಾಲೂ ಇದೆ. ಸಾಹಿತಿ ಸಿ. ಕೆ. ವೆಂಕಟರಾಮಯ್ಯನವರ ಮಗ ಸಿ. ವಿ. ವಿಶ್ವೇಶ್ವರ ಅವರು ಬೆಂಗಳೂರಿನ ತಾರಾಲಯವನ್ನು ಕಟ್ಟಿ ಬೆಳೆಸಿದವರು. ಕಪ್ಪುಕುಳಿಯನ್ನು ಕದಡಿದರೆ ಅದು ಬಡಿದ ಗಂಟೆಯಂತೆ ಮಿಡಿದು ಮೆಲ್ಲನೆ ಅಡಗುತ್ತದೆಂದು 1970ರಲ್ಲಿ ಲೆಕ್ಕದಿಂದ ತೋರಿಸಿದವರು ಅವರು. 2015ರ ಸೆಪ್ಟೆಂಬರ್ 14ರಂದು ಎರಡು ಕಪ್ಪುಕುಳಿಗಳು ಒಂದಾದ ಅಲೆ ಅಮೆರಿಕದ ಉಪಕರಣಗಳನ್ನು ಮುಟ್ಟಿದಾಗ, ಕೊನೆಯಲ್ಲಿ ಅಡಗುತ್ತ ಹೋದ ಮಿಡಿತವಿತ್ತು. ಆ ಘಟನೆ ನಡೆದದ್ದು ಸುಮಾರು 130 ಕೋಟಿ ವರ್ಷಗಳ ಹಿಂದೆ. ವಿಶ್ವೇಶ್ವರ ಅವರು 2017ರಲ್ಲಿ ತೀರಿಕೊಂಡರು. ಗಂಟೆಯ ದನಿ ಅದಕ್ಕೆ ಮೊದಲೇ ಬಂದು ಸೇರಿತ್ತು.

ಉಳಿದದ್ದು ತಿದ್ದುವ ಆಸೆ. ಇದಕ್ಕೆ ಆಕಾಶದಲ್ಲಿ ಉತ್ತರವಿಲ್ಲ. ಹೆಪ್ಪಿಟ್ಟ ಹಾಲು ಮೊಸರಾಗುತ್ತದೆ, ಮೊಸರು ಹಾಲಾಗುವುದಿಲ್ಲ. ಇದನ್ನು ಭೌತವಿಜ್ಞಾನವೂ ನಿಯಮವೆಂದೇ ಬರೆದಿಟ್ಟಿದೆ. ಆದರೆ ಯಕ್ಷಗಾನ ನೋಡಿ ಬೆಳೆದ ನಮಗೆ ಒಂದು ಸಂಗತಿ ಗೊತ್ತು. ಕೊಟ್ಟ ಶಾಪವನ್ನು ಯಾವ ಋಷಿಯೂ ಹಿಂದಕ್ಕೆ ಪಡೆಯಲಾರ. ಸನಕಾದಿಗಳು ಜಯವಿಜಯರನ್ನು ಶಪಿಸಿದಾಗ ಸ್ವತಃ ವಿಷ್ಣುವೂ ‘ಆ ಮಾತು ಆಡಿಯೇ ಇಲ್ಲ’ ಎಂದು ಮಾಡಲಿಲ್ಲ. ಶಾಪಕ್ಕೆ ರದ್ದತಿಯಿಲ್ಲ; ವಿಮೋಚನೆಯಿದೆ. ವಿಮೋಚನೆ ಯಾವಾಗಲೂ ಮುಂದೆಯೇ ಇರುತ್ತದೆ: ಮೂರು ಜನ್ಮದ ಆಚೆಗೋ, ರಾಮನ ಪಾದ ಸೋಕುವ ಗಳಿಗೆಗೋ. ನೇಮದಲ್ಲಿ ನುಡಿಕೊಡುವ ದೈವವೂ ಹಾಗೆಯೇ. ಆದದ್ದು ಆಗಿಲ್ಲವೆನ್ನುವುದಿಲ್ಲ, ಇನ್ನು ಆಗಬೇಕಾದದ್ದನ್ನು ಹೇಳುತ್ತದೆ. ಹಿಂದಿನದನ್ನು ತಿದ್ದುವ ಕೆಲಸವೆಲ್ಲ ಮುಂದಿನ ಕಾಲದಲ್ಲಿಯೇ ನಡೆಯಬೇಕು, ಬೇರೆ ಜಾಗವಿಲ್ಲ.

ಇದನ್ನೆಲ್ಲ ಇನ್ನೊಂದು ದಿನ ಬಸ್ಸಿಗೆ ಕಾಯುವಾಗ ಆ ಹಿರಿಯರಿಗೆ ಹೇಳಿದೆ. ಥಾರ್ನ್, ಹಾಕಿಂಗರ ಹೆಸರುಗಳಿಗೆ ಅವರು ತಲೆಯಾಡಿಸಲಿಲ್ಲ. ಶಾಪದ ಮಾತು ಬಂದಾಗ ಮಾತ್ರ ಎಲೆಯ ಚೀಲ ತೆಗೆದು, ಅಡಿಕೆ ಕತ್ತರಿಸುತ್ತ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಹಾಗಾದರೆ ಹೋಗಲಿಕ್ಕೆ ಆಗುವುದಿಲ್ಲ” ಎಂದಷ್ಟೇ ಹೇಳಿ ಎದ್ದರು.

ಕಳೆದ ತಿಂಗಳು ಅವರ ಮನೆಯ ಕಡೆ ಹೋಗಿದ್ದೆ. ಬೇಲಿ ಹಾಗೆಯೇ ಇದೆ. ತಡಮೆಯಿದ್ದಲ್ಲಿ ಮುಳ್ಳು ತೆಗೆದು ಎರಡು ಹೊಸ ಕಲ್ಲು ನಿಲ್ಲಿಸಿದ್ದಾರೆ. ತಮ್ಮನ ಮೊಮ್ಮಕ್ಕಳು ಶಾಲೆಯ ಬಸ್ಸಿಗೆ ಈಗ ಆ ದಾರಿಯಾಗಿ, ಇವರ ಅಂಗಳ ದಾಟಿಯೇ ಬರುತ್ತಾರೆ. ಆಡಿದ ಮಾತು ಅದಿದ್ದ ಬೆಳಿಗ್ಗೆಯಲ್ಲಿಯೇ ಇದೆ. ಮಕ್ಕಳಿಗೆ ಸುತ್ತುದಾರಿ ಮಾತ್ರ ತಪ್ಪಿದೆ.