ಊರು ಬಳಸಿದ ಹೆದ್ದಾರಿ: ಬೆಂಗಳೂರಿನಿಂದ ಮೈಸೂರಿಗೆ, ಬಂಡೂರು ಸೀಮೆಯಿಂದ ಮದ್ದೂರಿಗೆ

ಬಂಟ್ವಾಳದಲ್ಲಿ ಹೊರಟು ಮಡಿಕೇರಿ, ಹುಣಸೂರು, ಮೈಸೂರು ಹಾದು ಬೆಂಗಳೂರು ಮುಟ್ಟುವ ರಾಷ್ಟ್ರೀಯ ಹೆದ್ದಾರಿ 275ರಲ್ಲಿ ಮೈಸೂರು–ಬೆಂಗಳೂರು ನಡುವಿನ ಸುಮಾರು 119 ಕಿ.ಮೀ. ಭಾಗಕ್ಕೆ ಜನ ಇಟ್ಟ ಹೆಸರು ದಶಪಥ. ನಡುವಿನ ಆರು ಪಥಗಳು ವೇಗದ ವಾಹನಗಳಿಗೆ. ಎರಡೂ ಬದಿಯ ತಲಾ ಎರಡು ಪಥಗಳು ಸರ್ವಿಸ್ ರಸ್ತೆಗೆ. ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಹೀಗೆ ಐದು ಕಡೆ ಬೈಪಾಸ್‌ಗಳಿದ್ದು, ಅವುಗಳ ಒಟ್ಟು ಉದ್ದ ಸುಮಾರು 52 ಕಿ.ಮೀ. ಅದರಲ್ಲಿ ರಾಮನಗರ–ಚನ್ನಪಟ್ಟಣದ್ದೇ 22 ಕಿ.ಮೀ., ಮಂಡ್ಯದ್ದು 10 ಕಿ.ಮೀ. ಹಳೆಯ ರಸ್ತೆ ಊರಿಂದ ಊರಿಗೆ ಸಾಗಿದರೆ ಹೊಸದು ಊರುಗಳನ್ನು ಪಕ್ಕಕ್ಕೆ ಬಿಟ್ಟು ಸಾಗುತ್ತದೆ. ಬೆಂಗಳೂರಿನಿಂದ ಈ ದಾರಿಯಲ್ಲಿ ಮೈಸೂರಿಗೆ ಹೋಗಿ, ಬನ್ನೂರು, ಕಿರುಗಾವಲು, ಬಂಡೂರು, ಮಳವಳ್ಳಿ ಸೀಮೆಯ ಒಳರಸ್ತೆಗಳಲ್ಲಿ ಮದ್ದೂರಿಗೆ ಮರಳುವ ಸುತ್ತನ್ನು ನಾನು ಆರಿಸಿಕೊಂಡದ್ದು ಎರಡೂ ಬಗೆಯ ದಾರಿಗಳನ್ನು ಒಂದೇ ಪ್ರಯಾಣದಲ್ಲಿ ನೋಡಲೆಂದು.

ಬೆಂಗಳೂರು ಮತ್ತು ಶ್ರೀರಂಗಪಟ್ಟಣದ ನಡುವೆ ಹಿಂದಿನಿಂದಲೂ ಎರಡು ದಾರಿಗಳಿದ್ದವು. ಒಂದು ರಾಮನಗರ, ಚನ್ನಪಟ್ಟಣ, ಮದ್ದೂರುಗಳ ಮೇಲೆ ಹಾಯುವ ದಾರಿ. ಇನ್ನೊಂದು ಅದರ ದಕ್ಷಿಣಕ್ಕೆ, ಕನಕಪುರ ಮತ್ತು ಮಳವಳ್ಳಿಯ ಮೇಲೆ. ನಾಲ್ಕನೆಯ ಮೈಸೂರು ಯುದ್ಧದಲ್ಲಿ ಬ್ರಿಟಿಷರ ಜನರಲ್ ಹ್ಯಾರಿಸನ ಸೇನೆ ಹಿಡಿದದ್ದು ಈ ಎರಡನೆಯದನ್ನು. 1799ರ ಮಾರ್ಚ್ 27ರಂದು ಮಳವಳ್ಳಿಯ ಬಳಿ ಟಿಪ್ಪುವಿನ ಪಡೆಗೂ ಆ ಸೇನೆಗೂ ಕಾಳಗವಾಯಿತು. ಅಲ್ಲಿ ಹಿನ್ನಡೆ ಕಂಡ ಟಿಪ್ಪು ಶತ್ರು ಮುಂದೆ ಯಾವ ಜಾಡು ಹಿಡಿಯಬಹುದೆಂದು ಲೆಕ್ಕ ಹಾಕುತ್ತಿರುವಾಗಲೇ ಹ್ಯಾರಿಸ್ ಸೋಸಲೆಯ ಹತ್ತಿರ ಕಾವೇರಿಯನ್ನು ದಾಟಿಬಿಟ್ಟಿದ್ದ. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಮುಖ್ಯ ದಾರಿಯನ್ನು ಬಳಸಿಹೋಗುವ ಯೋಚನೆಗೆ ಈ ಸೀಮೆಯಲ್ಲಿ ಇನ್ನೂರು ವರ್ಷಕ್ಕೂ ಮಿಕ್ಕಿದ ಚರಿತ್ರೆಯಿದೆ.

ಯುದ್ಧ ಮುಗಿದ ಮೇಲೆ ರಾಜಧಾನಿ ಮೈಸೂರಿಗೆ ಬಂತು. ದಾರಿಯ ಕೆಲಸವೂ ಶುರುವಾಯಿತು. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಲ್ಲುಕಂಬಗಳ ಸೇತುವೆಯಾಯಿತು. ಆಗಿನ ಗವರ್ನರ್ ಜನರಲ್‌ನ ಹೆಸರಿನಲ್ಲಿ ಅದು ವೆಲ್ಲೆಸ್ಲಿ ಸೇತುವೆ ಎನಿಸಿಕೊಂಡಿತು. ಮದ್ದೂರಿನಲ್ಲಿ ಶಿಂಷಾ ನದಿಗೆ ಇಟ್ಟಿಗೆಯ ಕಮಾನು ಸೇತುವೆ ಬಂದದ್ದು 19ನೇ ಶತಮಾನದ ನಡುವಿನಲ್ಲಿ. 1876–78ರ ಬರಗಾಲದ ಬೆನ್ನಿಗೇ ಮೈಸೂರು ಸಂಸ್ಥಾನ ಬೆಂಗಳೂರು–ಮೈಸೂರು ರೈಲುಮಾರ್ಗವನ್ನು ಕಟ್ಟಿಸಿತು. 1881–82ರ ಹೊತ್ತಿಗೆ ರೈಲು ಓಡತೊಡಗಿತು. ಹಳಿಯೂ ರಸ್ತೆಯೂ ಒಂದೇ ಸಾಲಿನ ಊರುಗಳನ್ನು ಮುಟ್ಟಿದ್ದರಿಂದ ಚನ್ನಪಟ್ಟಣ, ಮದ್ದೂರು, ಮಂಡ್ಯ ಬೆಳೆದವು. ಕನಕಪುರ–ಮಳವಳ್ಳಿ ದಾರಿ ಎರಡನೇ ಸಾಲಿಗೆ ಸರಿಯಿತು.

20ನೇ ಶತಮಾನದ ಕೊನೆಯಲ್ಲಿ ರಾಮನಗರ–ಮದ್ದೂರಿನ ಮೇಲಿನ ದಾರಿ ರಾಜ್ಯ ಹೆದ್ದಾರಿ 17. ಅದನ್ನು ನಾಲ್ಕು ಪಥಕ್ಕೆ ಹಿಗ್ಗಿಸುವ ಮುಂಚೆಯೇ ಇನ್ನೊಂದು ಯೋಜನೆ ಸುದ್ದಿಯಲ್ಲಿತ್ತು. ಬೆಂಗಳೂರು–ಮೈಸೂರು ಮೂಲಸೌಕರ್ಯ ಕಾರಿಡಾರ್ ಎಂಬ ಆ ಯೋಜನೆಗೆ 1997ರಲ್ಲಿ ರಾಜ್ಯ ಸರ್ಕಾರ ಮತ್ತು ನೈಸ್ ಸಂಸ್ಥೆಯ ನಡುವೆ ಒಪ್ಪಂದವಾಯಿತು. ಶುಲ್ಕ ಕೊಟ್ಟು ಓಡಾಡುವ ಎಕ್ಸ್‌ಪ್ರೆಸ್‌ವೇ, ಅದರ ಬದಿಯಲ್ಲಿ ಹೊಸ ಉಪನಗರಗಳು, ಇದು ಅದರ ನಕ್ಷೆ. ಭೂಸ್ವಾಧೀನದ ತಕರಾರು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಬೆಂಗಳೂರಿನ ಸುತ್ತಣ ನೈಸ್ ರಸ್ತೆ ಸಿದ್ಧವಾಯಿತಾದರೂ ಮೈಸೂರಿನವರೆಗಿನ ಕವಲು ಕಾಗದದಲ್ಲೇ ಉಳಿಯಿತು. ಅಷ್ಟರಲ್ಲಿ ಹಳೆಯ ರಸ್ತೆಯಲ್ಲಿ ವಾಹನ ಹೆಚ್ಚಿ, ಊರೂರಿನ ಸರ್ಕಲ್ಲುಗಳಲ್ಲಿ ಸಾಲುಗಟ್ಟಿ ನಿಲ್ಲುವ ಸ್ಥಿತಿ ಬಂತು. ಮೂರು ಗಂಟೆಯ ಪ್ರಯಾಣ ಮಾಮೂಲಾಯಿತು. ರಸ್ತೆ ರಾಷ್ಟ್ರೀಯ ಹೆದ್ದಾರಿ 275ಕ್ಕೆ ಸೇರಿದ ಮೇಲೆ ಇದೇ ಜಾಡನ್ನು ಅಗಲಿಸಿ, ಊರುಗಳಿರುವ ಕಡೆ ಬೈಪಾಸ್ ಹಾಕುವ ಯೋಜನೆ ತಯಾರಾಯಿತು.

2018ರಲ್ಲಿ ಶಂಕುಸ್ಥಾಪನೆಯಾಯಿತು. ಕೆಲಸವನ್ನು ಎರಡು ಪ್ಯಾಕೇಜುಗಳಾಗಿ ಒಡೆಯಲಾಯಿತು: ಬೆಂಗಳೂರಿನಿಂದ ಮದ್ದೂರು ತಾಲ್ಲೂಕಿನ ನಿಡಘಟ್ಟದವರೆಗೆ 56 ಕಿ.ಮೀ., ನಿಡಘಟ್ಟದಿಂದ ಮೈಸೂರಿನವರೆಗೆ 61 ಕಿ.ಮೀ. ಎರಡನ್ನೂ ಕಟ್ಟಿದ್ದು ದಿಲೀಪ್ ಬಿಲ್ಡ್‌ಕಾನ್ ಕಂಪನಿ. ವೆಚ್ಚ ಸುಮಾರು 8,480 ಕೋಟಿ ರೂಪಾಯಿ. 9 ದೊಡ್ಡ ಸೇತುವೆ, ನಲವತ್ತರಷ್ಟು ಚಿಕ್ಕ ಸೇತುವೆ, 4 ರೈಲ್ವೆ ಮೇಲ್ಸೇತುವೆಗಳು ಈ ದಾರಿಯಲ್ಲಿವೆ. ಪ್ರಧಾನಿ ನರೇಂದ್ರ ಮೋದಿ ಅದನ್ನು ಲೋಕಾರ್ಪಣೆ ಮಾಡಿದ್ದು 2023ರ ಮಾರ್ಚ್ 12ರಂದು, ಮಂಡ್ಯ ಜಿಲ್ಲೆಯ ಗೆಜ್ಜಲಗೆರೆಯಲ್ಲಿ.

ಹೊರಡುವುದು ಕೆಂಗೇರಿಯಾಚೆ, ನೈಸ್ ರಸ್ತೆ ಕೂಡುವ ಕಡೆಯಿಂದ. ಕುಂಬಳಗೋಡಿನ ಮೇಲ್ಸೇತುವೆ ಇಳಿಯುತ್ತಲೇ ಟೋಲ್. ಕಣಿಮಿಣಿಕೆ ಮತ್ತು ಶೇಷಗಿರಿಹಳ್ಳಿಯ ಟೋಲ್‌ಗಳಲ್ಲಿ ಶುಲ್ಕ ವಸೂಲಿ ಆರಂಭವಾದದ್ದು ಉದ್ಘಾಟನೆಯಾದ ಎರಡೇ ದಿನಕ್ಕೆ. ಬಿಡದಿಯ ತಟ್ಟೆ ಇಡ್ಲಿ ಹೋಟೆಲುಗಳೆಲ್ಲ ಹಳೆಯ ರಸ್ತೆಯ ಮೇಲಿವೆ. ಬೈಪಾಸಿನಲ್ಲಿ ಹೋಗುವವರಿಗೆ ಬಿಡದಿ ಒಂದು ಫಲಕ ಮಾತ್ರ. ರಾಮನಗರ–ಚನ್ನಪಟ್ಟಣದ ಬೈಪಾಸ್ ಐದರಲ್ಲಿ ಎಲ್ಲಕ್ಕಿಂತ ಉದ್ದ. ಬಂಡೆಬೆಟ್ಟಗಳ ನಡುವೆ ಹಾಯುವ ಈ ತುಂಡಿನಲ್ಲಿ ನೀರಿನ ಜಾಡಿನ ಪ್ರಶ್ನೆ ಮೊದಲೇ ತಲೆ ಎತ್ತಿತು. 2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರದ ಸುತ್ತ ಹೆದ್ದಾರಿಯ ಮೇಲೇ ನೀರು ನಿಂತು ವಾಹನಗಳು ಸಿಕ್ಕಿಕೊಂಡವು. ಉದ್ಘಾಟನೆಯಾದ ವಾರದೊಳಗೆ ಬಿದ್ದ ಮಳೆಗೆ ಸಂಗಬಸವನದೊಡ್ಡಿಯ ಬಳಿ ಅದೇ ಆಯಿತು. ಕೆರೆಯಿಂದ ಕೆರೆಗೆ ಹಳ್ಳ ಹರಿಯುವ ನೆಲದಲ್ಲಿ ರಸ್ತೆಯ ಏರಿ ಅಡ್ಡ ಬಂದಾಗ ಮೋರಿ ಸಾಲದಿದ್ದರೆ ನೀರು ಏರಿಯನ್ನೇ ಹತ್ತುತ್ತದೆ. ಚನ್ನಪಟ್ಟಣದ ಬಣ್ಣದ ಗೊಂಬೆಗಳ ಅಂಗಡಿಗಳೂ ಹಳೆಯ ರಸ್ತೆಯ ಪಾಲಿಗೇ ಉಳಿದಿವೆ.

ಬೈಪಾಸ್ ಮುಗಿದು ಹಳೆಯ ಜಾಡಿಗೆ ಸೇರಿದ ಮೇಲೆ ರುದ್ರಾಕ್ಷಿಪುರದ ಹತ್ತಿರ ಕೊಕ್ಕರೆ ಬೆಳ್ಳೂರಿಗೆ ತಿರುಗುವ ದಾರಿ. ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಊರಿನೊಳಗಿನ ಮರಗಳಲ್ಲೇ ಗೂಡು ಕಟ್ಟುವ ಹಳ್ಳಿ ಅದು. ಇಲ್ಲಿಂದ ಮುಂದೆ ತೆಂಗು, ಕಬ್ಬು, ಬತ್ತದ ಸೀಮೆ. ನಿಡಘಟ್ಟ ಕಳೆದರೆ ಶಿಂಷಾ, ಆಮೇಲೆ ಮದ್ದೂರು.

ಮದ್ದೂರಿನಲ್ಲಿ ಹೆದ್ದಾರಿ ಬಹುಪಾಲು ಮೇಲ್ಸೇತುವೆಯ ಮೇಲೆ ಸಾಗುತ್ತದೆ. ಕೆಳಗಿನ ರಸ್ತೆಗೆ ಇಳಿದುಕೊಂಡವರಿಗಷ್ಟೇ ಊರು ಸಿಗುತ್ತದೆ. ಎಳನೀರಿನ ದೊಡ್ಡ ಮಾರುಕಟ್ಟೆ ಇಲ್ಲಿಯದು. ಬೇಸಿಗೆಯಲ್ಲಿ ಲಾರಿಗಳು ಇಲ್ಲಿಂದ ದೂರದ ರಾಜ್ಯಗಳಿಗೂ ಹೊರಡುತ್ತವೆ. ಪಕ್ಕದ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ನಿಷೇಧಾಜ್ಞೆ ಮುರಿದು ಕಾಂಗ್ರೆಸ್ಸಿನ ಬಾವುಟ ಹಾರಿಸಿದ ಧ್ವಜ ಸತ್ಯಾಗ್ರಹ ನಡೆಯಿತು. ಅದರ ನೆನಪಿನ ಸತ್ಯಾಗ್ರಹ ಸೌಧ ಹಳೆಯ ಹೆದ್ದಾರಿಯ ಬದಿಯಲ್ಲಿದೆ. ಮದ್ದೂರು ವಡೆಯ ಚರಿತ್ರೆ ರೈಲಿಗೆ ಅಂಟಿಕೊಂಡದ್ದು. ರೈಲು ನಿಲ್ದಾಣದ ಉಪಾಹಾರ ಕೊಠಡಿಯಲ್ಲಿ 1917ರಲ್ಲಿ ರಾಮಚಂದ್ರ ಬುಧ್ಯ ಅವರು ಅದನ್ನು ಮೊದಲು ಮಾಡಿದರೆಂಬುದು ಪ್ರಚಲಿತ ಕಥೆ. ಆ ಕೊಠಡಿ ನೂರು ವರ್ಷ ತುಂಬುವ ಹೊತ್ತಿಗೆ ಮುಚ್ಚಿತು. ವಡೆ ಮಾಡುವ ಬಗೆ ಇಂದಿಗೂ ಅದೇ. ಚಿರೋಟಿ ರವೆ, ಮೈದಾ, ಅಕ್ಕಿಹಿಟ್ಟಿಗೆ ಎಳೆಎಳೆಯಾಗಿ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಬೆರೆಸಿ, ಕಾದ ಎಣ್ಣೆ ಹುಯ್ದು, ಉಪ್ಪಿನೊಂದಿಗೆ ಮೊದಲು ಒಣಗಾಗಿಯೇ ಹಿಸುಕುತ್ತಾರೆ. ಈರುಳ್ಳಿ ನೀರು ಬಿಟ್ಟ ಮೇಲೆ ಬೇಕಾದಷ್ಟೇ ನೀರು ಚಿಮುಕಿಸಿ ಕಲಸಿ, ಅಂಗೈಯಗಲ ತಟ್ಟಿ, ಹದವಾದ ಉರಿಯಲ್ಲಿ ಕೆಂಪಗೆ ಕರಿಯುತ್ತಾರೆ. ತೇವ ಕಡಿಮೆ ಇರುವುದರಿಂದ ಉದ್ದಿನ ವಡೆಗಿಂತ ಹೆಚ್ಚು ಹೊತ್ತು ಗರಿಗರಿಯಾಗಿ ಉಳಿಯುತ್ತದೆ. ಕಟ್ಟಿಸಿಕೊಂಡು ಹೋಗುವ ಪ್ರಯಾಣಿಕರಿಗೆ ಹೇಳಿಮಾಡಿಸಿದ ತಿಂಡಿ. ಆ ಪ್ರಯಾಣಿಕರು ಮೇಲ್ಸೇತುವೆಯ ಮೇಲೆಯೇ ಹೊರಟುಹೋಗುವಂತಾದದ್ದು ಹಳೆಯ ರಸ್ತೆಯ ಹೋಟೆಲುಗಳ ವ್ಯಾಪಾರಕ್ಕೆ ಬಿದ್ದ ಹೊಡೆತ.

ಮದ್ದೂರಿನಿಂದ ಮುಂದೆ ಗೆಜ್ಜಲಗೆರೆ. ಜಿಲ್ಲಾ ಹಾಲು ಒಕ್ಕೂಟದ ಡೇರಿ ಇರುವುದು ಇಲ್ಲಿ. ಕಾವೇರಿ ನೀರಿನ ವಿವಾದ ಬಿಸಿಯೇರಿದಾಗಲೆಲ್ಲ ಹೆದ್ದಾರಿ ತಡೆ ನಡೆಯುವ ಜಾಗಗಳಲ್ಲೂ ಇದೊಂದು. ನಂತರ ಬರುವ ಹನಕೆರೆಯಲ್ಲಿ ಹೊಸ ರಸ್ತೆಯೇ ಹೋರಾಟಕ್ಕೆ ಕಾರಣವಾಯಿತು. ಊರು ಒಂದು ಬದಿ, ಹೊಲಗದ್ದೆ ಇನ್ನೊಂದು ಬದಿ, ನಡುವೆ ದಾಟಲಾಗದ ಹೆದ್ದಾರಿ. ಅಂಡರ್‌ಪಾಸ್ ಬೇಕೆಂದು ಗ್ರಾಮಸ್ಥರು ಧರಣಿ ಕೂತರು. ಎತ್ತಿನ ಗಾಡಿ, ಕಬ್ಬಿನ ಟ್ರ್ಯಾಕ್ಟರ್, ದನಕರು ಎಲ್ಲಿ ದಾಟಬೇಕು ಎಂಬ ಪ್ರಶ್ನೆ ಈ ದಾರಿಯ ಹತ್ತಾರು ಹಳ್ಳಿಗಳದು.

ಮಂಡ್ಯದ ಬೈಪಾಸ್ ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿದ ಗದ್ದೆಗಳ ಮೇಲೆ ಹಾಯುತ್ತದೆ. ಮೈಷುಗರ್ ಕಾರ್ಖಾನೆಯೂ ಸಂಜಯ ವೃತ್ತದ ಗದ್ದಲವೂ ಊರೊಳಗೇ ಉಳಿಯುತ್ತವೆ. ಶ್ರೀರಂಗಪಟ್ಟಣ ತಾಲ್ಲೂಕಿನ ಗಣಂಗೂರಿನಲ್ಲಿ ಮುಂದಿನ ಟೋಲ್. ಅಲ್ಲಿ ವಸೂಲಿ ಶುರುವಾದದ್ದು 2023ರ ಜುಲೈ 1ರಂದು. ಆಮೇಲೆ ಐದನೆಯ ಬೈಪಾಸ್, ಕಾವೇರಿ, ಕಡೆಗೆ ಮೈಸೂರಿನ ಹೊರವರ್ತುಲ ರಸ್ತೆಯ ಮಣಿಪಾಲ್ ಆಸ್ಪತ್ರೆ ಜಂಕ್ಷನ್. ಮೂರು ಗಂಟೆಯ ದಾರಿ ಒಂದೂವರೆ ಗಂಟೆಗೆ ಇಳಿದಿದೆ.

ವೇಗಕ್ಕೆ ಬೆಲೆಯೂ ತೆರಬೇಕಾಯಿತು. ಮೊದಲ ತಿಂಗಳುಗಳಲ್ಲಿ ಅಪಘಾತ, ಸಾವು ಒಂದರ ಹಿಂದೊಂದು ವರದಿಯಾದವು. ಅತಿವೇಗ, ಪಥ ಬದಲಿಸುವ ಶಿಸ್ತಿನ ಕೊರತೆ, ನಿಧಾನದ ವಾಹನ ಮತ್ತು ವೇಗದ ವಾಹನ ಒಟ್ಟಿಗೆ ಓಡುವುದು, ಬೇಲಿ ಹಾರಿ ದಾಟುವ ಪಾದಚಾರಿಗಳು, ಇವು ಮುಖ್ಯ ಕಾರಣಗಳು. 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್, ಎತ್ತಿನ ಗಾಡಿಗಳಿಗೆ ನಡುವಿನ ಪಥಗಳಲ್ಲಿ ಪ್ರವೇಶ ನಿಷೇಧವಾಯಿತು. ಕಾರುಗಳಿಗೆ ಗಂಟೆಗೆ 100 ಕಿ.ಮೀ. ಮಿತಿ ಬಂತು, ಅದನ್ನು ಕಾಯಲು ಪೊಲೀಸರು ಕ್ಯಾಮೆರಾ ಹಾಕಿದರು.

ಮರಳುವ ದಾರಿ ಮೈಸೂರಿನ ಪೂರ್ವಕ್ಕೆ. ಕಾವೇರಿ ದಾಟಿದರೆ ಬನ್ನೂರು. ಅಲ್ಲಿಂದ ಹೊಯ್ಸಳರ ಕಾಲದ ಸೋಮನಾಥಪುರ ಹತ್ತಿರ. ಇಲ್ಲಿ ರಸ್ತೆ ಪ್ರತಿಯೊಂದು ಊರನ್ನೂ ಮಾತಾಡಿಸಿಕೊಂಡೇ ಮುಂದಕ್ಕೆ ಹೋಗುತ್ತದೆ. ಸುಗ್ಗಿಯಲ್ಲಿ ಟಾರಿನ ಮೇಲೆಯೇ ರಾಗಿ, ಹುರುಳಿ ಹರಡಿರುತ್ತದೆ. ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಅವರು ನೂರಾರು ದೇಸಿ ಬತ್ತದ ತಳಿಗಳನ್ನೂ ಹಳೆಯ ಮಾವಿನ ತೋಪನ್ನೂ ಉಳಿಸಿಕೊಂಡು ಬಂದಿದ್ದಾರೆ.

ಮಳವಳ್ಳಿ ತಾಲ್ಲೂಕಿನ ಬಂಡೂರು ತನ್ನ ಹೆಸರನ್ನು ಒಂದು ಕುರಿ ತಳಿಗೆ ಕೊಟ್ಟ ಹಳ್ಳಿ. ಬನ್ನೂರು ಕುರಿ, ಮಂಡ್ಯ ಕುರಿ ಎಂದರೂ ಇದೇ. ಕಾಲು ಗಿಡ್ಡ, ಮೈ ದುಂಡು, ಕೊಂಬಿಲ್ಲ. ಬಿಳಿಯ ಮೈ, ಕೆಲವಕ್ಕೆ ಮುಖದ ಮೇಲೆ ಕಂದು ಬಣ್ಣ. ಹಿಂದಿನಿಂದ ನೋಡಿದರೆ ಎರಡು ತೊಡೆಗಳ ನಡುವಿನ ಆಕಾರ ಕಮಾನಿನಂತೆ ಕಾಣುತ್ತದೆ, ಅಷ್ಟು ಮಾಂಸ ತುಂಬಿಕೊಂಡಿರುತ್ತದೆ. ಟಗರು ಕೊಳ್ಳುವವರು ಬೆನ್ನಿನ ಮೇಲೆ ಅಂಗೈ ಒತ್ತಿ ಅಗಲ ನೋಡುತ್ತಾರೆ, ಬಾಲದ ಬುಡ ಹಿಡಿದು ಕೊಬ್ಬಿನ ಅಂದಾಜು ಮಾಡುತ್ತಾರೆ. ಕೊಬ್ಬು ಮಾಂಸದ ಎಳೆಗಳ ನಡುವೆಯೇ ಹರಡಿರುವುದು ಇದರ ರುಚಿಗೆ ಕಾರಣ. ಅಪ್ಪಟ ತಳಿ ಕಡಿಮೆಯಾಗುತ್ತಿರುವುದರಿಂದ ತಾಲ್ಲೂಕಿನ ಧನಗೂರಿನಲ್ಲಿರುವ ಸರ್ಕಾರಿ ಕುರಿ ಸಂವರ್ಧನಾ ಕೇಂದ್ರ ಇದನ್ನು ಕಾಪಾಡುವ ಕೆಲಸ ಮಾಡುತ್ತಿದೆ. ಬೆಂಗಳೂರಿನ ಮಾಂಸದಂಗಡಿಗಳ ಫಲಕದಲ್ಲಿ ಬಂಡೂರಿನ ಹೆಸರು ಸಾಮಾನ್ಯ. ಕುರಿ ಮಾತ್ರ ಹೊರಡುವುದು ಈ ಒಳರಸ್ತೆಗಳಿಂದ.

ಮಳವಳ್ಳಿಯಲ್ಲಿ ದಾರಿ ಕವಲೊಡೆಯುತ್ತದೆ. ಬೆಂಗಳೂರು–ಕನಕಪುರ–ಕೊಳ್ಳೇಗಾಲ–ಕೊಯಮತ್ತೂರು ಹೆದ್ದಾರಿ, ಹಿಂದೆ 209, ಈಗ 948, ಈ ಊರನ್ನು ಹಾಯುತ್ತದೆ; ಹ್ಯಾರಿಸನ ಸೇನೆ ಹಿಡಿದ ದಿಕ್ಕು ಅದೇ. ದಕ್ಷಿಣಕ್ಕೆ ಹೋದರೆ 1902ರಿಂದ ವಿದ್ಯುತ್ ಕೊಟ್ಟ ಶಿವನಸಮುದ್ರ. ಉತ್ತರಕ್ಕೆ ಸುಮಾರು 25 ಕಿ.ಮೀ. ದೂರದಲ್ಲಿ ಮದ್ದೂರು, ನಡುವೆ ಸಕ್ಕರೆ ಕಾರ್ಖಾನೆಯ ಭಾರತೀನಗರ, ಅಂದರೆ ಕೆ.ಎಂ. ದೊಡ್ಡಿ. ಕಬ್ಬು ಅರೆಯುವ ಕಾಲದಲ್ಲಿ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ನಿಧಾನಕ್ಕೆ ಸಾಗಬೇಕು.

ಈ ರಸ್ತೆ ಮದ್ದೂರಿನಲ್ಲಿ ಹಳೆಯ ಹೆದ್ದಾರಿಯನ್ನು ಕೂಡುತ್ತದೆ. ಬಂಡೂರು, ಮಳವಳ್ಳಿಗಳ ಜನಕ್ಕೆ ದಶಪಥದ ಪ್ರಯೋಜನ ಎಷ್ಟೆಂಬುದು ಅಲ್ಲಿ ಅವರ ವಾಹನದ ಮೇಲೆ ನಿಲ್ಲುತ್ತದೆ. ಕಾರಿನವರು ಮೇಲಿನ ಪಥ ಹಿಡಿದು ಬೆಂಗಳೂರನ್ನೋ ಮೈಸೂರನ್ನೋ ಬೇಗ ಮುಟ್ಟುತ್ತಾರೆ. ಬೈಕಿನವರು, ಆಟೊದವರು, ಕಬ್ಬು ತುಂಬಿದ ಟ್ರ್ಯಾಕ್ಟರಿನವರು ಸರ್ವಿಸ್ ರಸ್ತೆಯಲ್ಲೇ ಊರೂರು ಹಾದು ಹೋಗುತ್ತಾರೆ.