ಬಲವೂ ಬಾಲವೂ

ನಮ್ಮ ಮನೆಯಲ್ಲಿ ಬೈಗುಳ ತುಳುವಿನಲ್ಲಿ, ಪ್ರಾರ್ಥನೆ ಕನ್ನಡದಲ್ಲಿ. ಮಂಗಳೂರಿನ ಬಾಸೆಲ್ ಮಿಶನ್ ಸಭೆಗಳ ಎಷ್ಟೋ ಮನೆಗಳ ಕಥೆ ಇದೇ. ಹಗಲೆಲ್ಲ ಮೀನಿನ ರೇಟಿಗೆ ಜಗಳವಾಡಿದ ಅಜ್ಜಿ ಸಂಜೆ ಹಾಡಿನ ಪುಸ್ತಕ ಬಿಡಿಸಿದರೆಂದರೆ ‘ದಯಪಾಲಿಸು’, ‘ಅನುಗ್ರಹಿಸು’ ಎನ್ನುವ ಬೇರೆಯೇ ಹೆಂಗಸು. ಹೀಗಾಗಿ ಕನ್ನಡವೆಂದರೆ ನನಗೆ ಮೊದಲಿನಿಂದಲೂ ಹಾಡುವ ಭಾಷೆ. ಹಾಗಾದರೆ ಹಾಡು ಬರೆಯುವುದೂ ಸುಲಭವಿರಬೇಕು ಅಂದುಕೊಂಡೆ ನೋಡಿ, ಎಡವಿದ್ದೇ ಅಲ್ಲಿ.

ಕಾಲೇಜಿನಲ್ಲಿದ್ದಾಗ ಸಭೆಯ ಬೆಳೆ ಹಬ್ಬಕ್ಕೆ ಸ್ವಂತ ಸ್ತುತಿಗೀತೆಯೊಂದನ್ನು ಬರೆದೆ. ಗಿಟಾರಿನ ನಾಲ್ಕು ಕಾರ್ಡ್ ಕಲಿತ ಹುಮ್ಮಸ್ಸಿನಲ್ಲಿ ರಾಗ ಮೊದಲು ಹುಟ್ಟಿತು, ಮಾತನ್ನು ಆಮೇಲೆ ತುರುಕಿದೆ. ಪಲ್ಲವಿಯ ತುದಿಯಲ್ಲಿ ಸ್ವರ ಮೇಲೇರಿ ನಿಲ್ಲುವ ಜಾಗಕ್ಕೆ ‘ನಿನ್ನ ಬಲ ನನಗಿರಲಿ’ ಎಂದು ಬರೆದಿದ್ದೆ. ನಿಲ್ಲುವ ಸ್ವರ ಬಿದ್ದದ್ದು ‘ಬ’ದ ಮೇಲೆ. ಇಡೀ ಕ್ವಾಯರ್ ಬಾಯ್ತುಂಬ ಎಳೆಯಿತು: ‘ನಿನ್ನ ಬಾ...ಲ ನನಗಿರಲಿ!’ ದೇವರ ಬಾಲ ಬೇಡಿದ ಭಕ್ತ ನಾನೊಬ್ಬನೇ ಇರಬೇಕು. ಎರಡನೇ ಬೆಂಚಿನಲ್ಲಿದ್ದ ಅಜ್ಜಿ ಪ್ರಾರ್ಥನೆಯಲ್ಲಿ ಮುಳುಗಿದವರಂತೆ ತಲೆ ತಗ್ಗಿಸಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಭುಜ ಮಾತ್ರ ಕುಲುಕುತ್ತಿತ್ತು.

ಈ ಪೇಚಿಗೆ ಬಹಳ ವಯಸ್ಸಾಗಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನರಿಗಳ ಜೊತೆ ಜರ್ಮನ್ ರಾಗಗಳೂ ಬಂದವು. ಅವುಗಳಲ್ಲಿ ಎಷ್ಟೋ ಸಾಲುಗಳು ಒತ್ತಿಲ್ಲದ ಅಕ್ಷರದಿಂದ ಹೊರಟು ಎರಡನೆಯದರ ಮೇಲೆ ಕಾಲೂರುತ್ತವೆ. ಕನ್ನಡದ ಪದವೋ, ಮೊದಲಕ್ಷರದಲ್ಲೇ ಎದೆಯುಬ್ಬಿಸಿ ನಿಲ್ಲುವ ಜಾತಿ. ಮೇಲಾಗಿ ಪಾಶ್ಚಾತ್ಯ ಹಾಡಿನ ಪುಸ್ತಕಗಳಲ್ಲಿ 8.7.8.7 ಎಂಬಂತೆ ಅಕ್ಷರದ ಎಣಿಕೆ; ನಮ್ಮಲ್ಲಿ ಮಾತ್ರೆಯ ಲೆಕ್ಕ, ಲಘುವಿಗೆ 1, ಗುರುವಿಗೆ 2. ‘ದೇವರು’ ಅಲ್ಲಿ 3, ಇಲ್ಲಿ 4. ಈ ಲೆಕ್ಕ ತಾಳೆಯಾಗದ ಕಡೆಯಲ್ಲೆಲ್ಲ ‘ದೇವರು’ ‘ದೇವರೂ’ ಆಗುತ್ತಾರೆ. ನಮಗೆ ಅಭ್ಯಾಸವಾಗಿದೆ, ಅವರಿಗೂ ಆಗಿರಬೇಕು.

ಆದರೆ ಬಂದವರೆಲ್ಲ ಕಿವುಡರಾಗಿರಲಿಲ್ಲ. ಮೊಗ್ಲಿಂಗ್ 1850ರಲ್ಲಿ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ. ಕಿಟ್ಟೆಲ್ 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ಇಲ್ಲಿನದೇ ಛಂದಸ್ಸಿನಲ್ಲಿ ಕಟ್ಟಿ ‘ಕಥಾಮಾಲೆ’ ಎಂದು ಕರೆದ. 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದ. ಶಬ್ದಕೋಶದ ಕಿಟ್ಟೆಲ್ ಎಲ್ಲರಿಗೂ ಗೊತ್ತು. ಛಂದಸ್ಸಿನ ಕಿಟ್ಟೆಲ್ ನನಗೆ ಪರಿಚಯವಾದದ್ದು ಬಾಲದ ಪ್ರಸಂಗ ಮುಗಿದ ಮೇಲೆ.

ಅಂದಿನಿಂದ ನನ್ನ ಕ್ರಮ ಬದಲಾಯಿತು. ಸಾಲನ್ನು ಮೊದಲು ಬಾಯಿಬಿಟ್ಟು ಮಾತಿನಂತೆ ಹೇಳುತ್ತೇನೆ, ತೊಡೆ ತಟ್ಟಿ ಎಣಿಸುತ್ತೇನೆ, ಗಿಟಾರು ಮುಟ್ಟುವುದು ಕೊನೆಗೆ. ‘ಕರ್ತ’ನೋ ‘ಪ್ರಭು’ವೋ ಎಂಬ ಪ್ರಶ್ನೆಯನ್ನು ಬಗೆಹರಿಸುವುದು ನನ್ನ ದೈವಶಾಸ್ತ್ರವಲ್ಲ, ತಾಳ: ‘ಕರ್ತ’ಕ್ಕೆ ಮೂರು ಮಾತ್ರೆ, ‘ಪ್ರಭು’ವಿಗೆ ಎರಡೇ. ಈಗ ಪರದೆಯ ಮೇಲೆ ಮೂಡುವ ಎಷ್ಟೋ ಹೊಸ ಹಾಡುಗಳು ಇಂಗ್ಲಿಷಿನಿಂದ ಇಳಿದವು. ಹಳೆಯ ತಪ್ಪೇ ಅವುಗಳಲ್ಲೂ ಇದೆ, ಡ್ರಮ್ಮಿನ ಸದ್ದಿನಲ್ಲಿ ಕೇಳಿಸುವುದಿಲ್ಲ ಅಷ್ಟೆ.

ನನ್ನ ಹಾಡನ್ನು ತಿದ್ದಿಕೊಟ್ಟವರು ಅಜ್ಜಿಯೇ. “ಬಲ ಎಲ್ಲಿರ್ತದೆ? ತೋಳಲ್ಲಿ ತಾನೇ? ಹಾಗೇ ಬರಿ ಮಗಾ” ಎಂದರು. ‘ನಿನ್ನ ತೋಳು ನನಗಿರಲಿ’ ಎಂದಾಯಿತು. ‘ತೋ’ ಹುಟ್ಟಾ ದೀರ್ಘ, ಎಷ್ಟೆಳೆದರೂ ಕೆಡುವುದಿಲ್ಲ. ಈಗಲೂ ಬೆಳೆ ಹಬ್ಬಕ್ಕೆ ಅದನ್ನು ಹಾಡುತ್ತಾರೆ. ಗಂಡಸರ ಸಾಲಿನಲ್ಲಿ ಯಾರೋ ಒಬ್ಬರು ಮಾತ್ರ ಪ್ರತಿ ವರ್ಷವೂ ‘ಬಾಲ’ ಎಂದೇ ಹಾಡುತ್ತಾರೆ.