ಹವಳದ ಹಸುರು

ಹಾಲಾಡಿಯ ಒಂದು ಮನೆಯ ಚಾವಡಿಯಲ್ಲಿ, ಪಡುವಣ ಕಿಟಕಿಯ ಬಳಿ, ಗಾಜಿನ ಮೀನುತೊಟ್ಟಿಯೊಂದಿತ್ತು. ಒಳಗೆ ನಾಲ್ಕು ಚಿನ್ನದ ಮೀನುಗಳು. ನಡುವೆ ಕವಲೊಡೆದ ಬಿಳಿಯ ಹವಳ. ಮುಂಬಯಿಯ ಹೋಟೆಲಿನಲ್ಲಿ ಬಹುಕಾಲ ದುಡಿದ ಯಜಮಾನರು 1982ರಲ್ಲಿ ಊರಿಗೆ ಮರಳುವಾಗ ತಂದುದು ಅದು. ಅವರು ಈಗಿಲ್ಲ.

ಕಳೆದ ಮಾಗಿಯಲ್ಲಿ ಹವಳಕ್ಕೆ ಹಾವಸೆ ಕಟ್ಟಿತು. ಅಮ್ಮಮ್ಮನಿಗೆ ಅದು ಸಹನೆಯಾಗಲಿಲ್ಲ. ತಾಮ್ರದ ಕೊಡಕ್ಕೆ ಒಗ್ಗಿದ ಮದ್ದು ಇದಕ್ಕೂ ಒಗ್ಗೀತೆಂದು, ಹುಣಿಸೆಹಣ್ಣು ಕಿವುಚಿದ ನೀರಿನಲ್ಲಿ ಒಂದು ರಾತ್ರಿ ನೆನೆಯಿಟ್ಟರು. ಸಣ್ಣ ಗುಳ್ಳೆಗಳೇಳುವುದನ್ನು ಕಂಡು ಕೊಳೆ ಬಿಡುತ್ತಿದೆಯೆಂದು ಹಿಗ್ಗಿದರು. ಬಿಡುತ್ತಿದ್ದುದು ಕೊಳೆಯಲ್ಲ, ಹವಳವೇ. ಕಡಲತಡಿಯವರು ಸುಟ್ಟು ಸುಣ್ಣ ಮಾಡುವ ಚಿಪ್ಪಿಗೂ ಹವಳಕ್ಕೂ ದ್ರವ್ಯವೊಂದೇ. ಹುಳಿ ತಾಗಿದರೆ ಕರಗುವುದು. ಬೆಳಗ್ಗೆ ತಿಕ್ಕುವಾಗ ಒಂದು ಕವಲಿನ ತುದಿ ಮುರಿದು ಕೈಗೆ ಬಂತು. ಆಕೆ ಅದನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡರು. ಆ ದಿನ ಊಟಕ್ಕೇಳಲಿಲ್ಲ. ಬೇರೊಂದನ್ನು ಕೊಳ್ಳುವಂತೆಯೂ ಇಲ್ಲ: 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಗೆ 2001ರಲ್ಲಿ ಹವಳಗಳೂ ಸೇರಿದುವು.

ಮೊಮ್ಮಗಳು ಕಲಿತವಳು. ಹುಳಿನೀರನ್ನು ಚೆನ್ನಾಗಿ ತೊಳೆದು ಕಳೆದಳು. ಹುಳಿಯೂ ಬಿಳುಪುಗೊಳಿಸುವ ದ್ರವವೂ ಕೂಡಿದರೆ ವಿಷವಾಯು ಹುಟ್ಟುವುದು. ಆಮೇಲೆ ಆ ದ್ರವದ ಒಂದು ಪಾಲನ್ನು ಹತ್ತು ಪಾಲು ನೀರಿಗೆ ಬೆರೆಸಿ, ಹವಳವನ್ನು ಸ್ವಲ್ಪ ಹೊತ್ತು ಅದ್ದಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಸಂದುಗಳನ್ನು ಮೆಲ್ಲನೆ ಉಜ್ಜಿದಳು. ಸಾಬೂನನ್ನು ಸೋಂಕಿಸಲಿಲ್ಲ. ಹಲವು ಬಾರಿ ತೊಳೆದು, ವಾಸನೆ ಪೂರ್ತಿ ಹೋಗುವವರೆಗೆ ಅಂಗಳದ ಬಿಸಿಲಿನಲ್ಲಿಟ್ಟಳು. ತೊಟ್ಟಿಯನ್ನು ಕಿಟಕಿಯಿಂದ ಸರಿಸಿ, ಮೀನಿನ ಆಹಾರವನ್ನೂ ತಗ್ಗಿಸಿದಳು. ಬಿಸಿಲೂ ಮಿಕ್ಕ ಆಹಾರವೂ ಕೂಡಿದಲ್ಲಿ ಹಾವಸೆಗೆ ಬೇರೆ ಕರೆಯೋಲೆ ಬೇಡ.

ಹವಳ ಒಣಗುತ್ತಿದ್ದಾಗ ಅವಳು ಇನ್ನೊಂದು ಮಾತನ್ನೂ ಹೇಳಿದಳು. ಕಡಲಿನಲ್ಲಿ ಜೀವದಿಂದಿದ್ದಾಗ ಈ ಹವಳ ಬೆಳ್ಳಗಿರಲಿಲ್ಲವಂತೆ. ಅದರ ಒಡಲಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ನೆಲಸಿ, ಬಿಸಿಲಿನಿಂದ ಅನ್ನ ಮಾಡಿ ಉಣಿಸುತ್ತವೆ. ಬಣ್ಣದ ಬಹುಭಾಗವೂ ಅವುಗಳದೇ. ಕಡಲು ಮಿತಿಮೀರಿ ಕಾದರೆ ಆ ಪಾಚಿ ಹೊರಬೀಳುವುದು, ಹವಳ ಬಿಳಿಚುವುದು. 1998ರಲ್ಲಿ ಲಕ್ಷದ್ವೀಪದಲ್ಲಿ ಹಾಗೆಯೇ ಆಯಿತು. ಪ್ರವಾಲವೆಂಬ ಶಬ್ದಕ್ಕೆ ಹವಳವೆಂದೂ ಎಳೆಚಿಗುರೆಂದೂ ಎರಡರ್ಥ; ಹಿಂದಿನವರು ಏನನ್ನು ಕಂಡು ಹಾಗೆಂದರೋ!

“ಹಾಗಾದರೆ ಇದು ಬರೀ ಎಲುಬೇ?” ಎಂದು ಅಮ್ಮಮ್ಮ ಕೇಳಿದರು. ಹುಡುಗಿ ಹೌದೆಂದಳು. ಆಕೆ ಬಹಳ ಹೊತ್ತು ಮಾತಾಡಲಿಲ್ಲ.

ಮಳೆಗಾಲದಲ್ಲಿ ಹವಳದ ಬುಡಕ್ಕೆ ಮತ್ತೆ ತೆಳ್ಳಗೆ ಹಸುರು ಬಂತು. ಹುಡುಗಿ ಬ್ರಶ್ಶು ತಂದಳು. ಅಮ್ಮಮ್ಮ, ತುದಿಗೆ ಬಂದಾಗ ನೋಡೋಣವೆಂದು, ಅದನ್ನು ಅವಳ ಕೈಯಿಂದ ತೆಗೆದಿರಿಸಿದರು.